ವೃತ್ತಿ ದೊರೆಯದ ದಾಸಪ್ಪ, ಕಾರ್ಯ ದೊರೆತ ವಿಜಯದಾಸರು

ಪ್ರತಿ ವರ್ಷವೂ ಕಾರ್ತೀಕ ಶುದ್ಧ ದಶಮಿಯಂದು ಶ್ರೀ ವಿಜಯದಾಸರ ಆರಾಧನೆಯನ್ನು ನಾವು ಶ್ರದ್ಧಾಭಕ್ತಿಗಳಿಂದ ಆಚರಿಸುತ್ತೇವೆ. ಅಂದು ದಾಸರ ಸುಳಾದಿಗಳ ಪಾರಾಯಣ ನಡೆಯುತ್ತದೆ. ಭಜನಾ ಮಂಡಳಿಯವರು ಅವರ ಪದಗಳನ್ನು ಹಾಡುತ್ತಾರೆ. ತೀರ್ಥಪ್ರಸಾದವಾದ ಮೇಲೆ ಸಂಜೆ ವಿದ್ವಾಂಸರ ಉಪನ್ಯಾಸವಿರುತ್ತದೆ. ಉಪನ್ಯಾಸಕರು ಸಾಮಾನ್ಯವಾಗಿ ದಾಸರ ಮಹಿಮೆಗಳನ್ನೂ ಅವರ ಕೃತಿಗಳಲ್ಲಿ ಅಡಗಿರುವ ಪ್ರಮೇಯಗಳನ್ನೂ ವಿವರಿಸುವರು. ಅದು ಯುಕ್ತವೇ ಸರಿ. ಆದರೆ ಈ ಲೇಖನದಲ್ಲಿ ನಾವು ಅವರ ಜೀವನದ ಇನ್ನೊಂದು ಭಾಗವನ್ನು, ಎಂದರೆ ಅವರು ವಿಜಯದಾಸರಾಗುವುದಕ್ಕೆ ಮುಂಚಿನ ವರ್ಷಗಳನ್ನು, ಸ್ವಲ್ಪ ವಿಸ್ತಾರವಾಗಿ ನೆನೆಯಬಯಸುತ್ತೇವೆ. ಆ ವರ್ಷಗಳಲ್ಲಿ ಅವರಿಗೆ ಅಂಕಿತವಿರಲಿಲ್ಲ, ಶಿಷ್ಯರಿರಲಿಲ್ಲ, ಕೀರ್ತಿಯಿರಲಿಲ್ಲ. ಅವರು ಹೊಟ್ಟೆಪಾಡಿಗೆ ದಾರಿ ಕಾಣದೆ ಊರಿಂದೂರಿಗೆ ಅಲೆಯುತ್ತಿದ್ದ ದಾಸಪ್ಪನೆಂಬ ಬಡ ಯುವಕರಾಗಿದ್ದರು.

ಈ ಭಾಗವನ್ನೇ ಆರಿಸಿಕೊಳ್ಳಲು ಕಾರಣವುಂಟು. ನಮ್ಮ ಅನೇಕ ಮನೆಗಳಲ್ಲಿ ಇಂದು ಹಿರಿಯರನ್ನೂ ಕಿರಿಯರನ್ನೂ ಒಂದೇ ಚಿಂತೆ ಕಾಡುತ್ತಿದೆ. ಮಗನೋ ಮಗಳೋ ಓದು ಮುಗಿಸಿರುತ್ತಾರೆ. ಕೆಲವರಿಗೆ ಉದ್ಯೋಗ ಸಿಕ್ಕುವುದಿಲ್ಲ. ಕೆಲವರಿಗೆ ಸಿಕ್ಕ ಉದ್ಯೋಗದಲ್ಲಿ ಮನಸ್ಸು ನಿಲ್ಲುವುದಿಲ್ಲ. ಇನ್ನು ಕೆಲವರಿಗೆ ಯಾವುದರಲ್ಲಿ ಮನಸ್ಸು ನಿಲ್ಲುವುದೋ ಅದರಿಂದ ಅನ್ನ ಹುಟ್ಟುವುದಿಲ್ಲ. ತಾನು ಹುಟ್ಟಿದ್ದು ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆ ಯೌವನದಲ್ಲಿ ಎದ್ದಾಗ ಅದಕ್ಕೆ ಸುಲಭವಾದ ಉತ್ತರವಿಲ್ಲ. ವಿಜಯದಾಸರ ಚರಿತ್ರೆ ಈ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ.

ದಾಸಪ್ಪನವರು ಜನಿಸಿದ್ದು ಚೀಕಲಪರವಿಯೆಂಬ ಗ್ರಾಮದಲ್ಲಿ. ಅದು ರಾಯಚೂರು ಜಿಲ್ಲೆಯ ಮಾನವಿ ತಾಲ್ಲೂಕಿಗೆ ಸೇರಿದೆ, ತುಂಗಭದ್ರೆಯ ತೀರದಲ್ಲಿದೆ. ಅವರ ಜನನ 1682ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇದೇ ತುಂಗಭದ್ರೆಯ ಕೆಳದಂಡೆಯ ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರತೀರ್ಥರು 1671ರಲ್ಲಿ ವೃಂದಾವನಸ್ಥರಾಗಿದ್ದರು. ಅಂದರೆ ದಾಸಪ್ಪನವರ ಜನನಕ್ಕೆ ಹನ್ನೊಂದು ವರ್ಷಗಳ ಹಿಂದಿನ ಮಾತು. ಚೀಕಲಪರವಿಯ ಹಿರಿಯರಲ್ಲಿ ಕೆಲವರಾದರೂ ಗುರುರಾಯರನ್ನು ಕಣ್ಣಾರೆ ಕಂಡವರಿದ್ದಿರಬಹುದು. ತಂದೆಯ ಹೆಸರು ಶ್ರೀನಿವಾಸಪ್ಪ, ತಾಯಿಯ ಹೆಸರು ಕೂಸಮ್ಮ. ಮನೆಯಲ್ಲಿ ಆಚಾರವಿತ್ತು, ದೇವರ ಪೂಜೆಯಿತ್ತು, ವಿದ್ಯೆಯ ಗಂಧವಿತ್ತು. ಇಲ್ಲದೆ ಇದ್ದುದು ಧಾನ್ಯ ಒಂದೇ.

ಆ ಬಡತನವನ್ನು ಒಂದು ಕುಟುಂಬದ ದುರದೃಷ್ಟವೆಂದಷ್ಟೇ ತಿಳಿದರೆ ಸಾಲದು. ಕೃಷ್ಣಾ ತುಂಗಭದ್ರೆಗಳ ನಡುವಿನ ಆ ಎಡೆದೊರೆ ನಾಡು ಶತಮಾನಗಳ ಕಾಲ ಸೇನೆಗಳ ಕಾಲ್ತುಳಿತಕ್ಕೆ ಸಿಕ್ಕ ನಾಡು. 1565ರ ಯುದ್ಧದಲ್ಲಿ ವಿಜಯನಗರ ಮುರಿದು ಬಿದ್ದ ಮೇಲೆ ವಿದ್ವಾಂಸರಿಗೆ, ಗಾಯಕರಿಗೆ, ದೇವಾಲಯಗಳಿಗೆ ಇದ್ದ ದೊಡ್ಡ ಆಶ್ರಯ ತಪ್ಪಿತು. ನಂತರ ವಿಜಾಪುರದ ಆಳ್ವಿಕೆ ನಡೆಯಿತು. ದಾಸಪ್ಪನವರು ನಾಲ್ಕು ವರ್ಷದ ಬಾಲಕರಾಗಿದ್ದಾಗ, 1686ರಲ್ಲಿ, ಔರಂಗಜೇಬನ ಸೇನೆ ವಿಜಾಪುರವನ್ನು ಗೆದ್ದಿತು. ಮರುವರ್ಷ ಗೋಲ್ಕೊಂಡವೂ ಬಿದ್ದಿತು. ಅಲ್ಲಿಂದ ಮುಂದೆ 1707ರಲ್ಲಿ ಔರಂಗಜೇಬನು ಮರಣಹೊಂದುವವರೆಗೂ ದಖ್ಖನದಲ್ಲಿ ಮೊಗಲರಿಗೂ ಮರಾಠರಿಗೂ ಯುದ್ಧ ನಿಲ್ಲಲಿಲ್ಲ. ದಾಸಪ್ಪನವರ ಬಾಲ್ಯವೂ ಯೌವನವೂ ಸರಿಯಾಗಿ ಈ ಎರಡು ದಶಕಗಳಲ್ಲಿಯೇ ಕಳೆದುವು. ಇಂದು ಒಬ್ಬನಿಗೆ ಕಂದಾಯ ಕಟ್ಟಿದ ರೈತನು ನಾಳೆ ಇನ್ನೊಬ್ಬನಿಗೆ ಕಟ್ಟಬೇಕಾಗುತ್ತಿದ್ದ ಕಾಲದಲ್ಲಿ ವೇದಶಾಸ್ತ್ರ ಬಲ್ಲವನಿಗೆ ದಕ್ಷಿಣೆ ಕೊಡುವವರು ಎಲ್ಲಿಂದ ಬರಬೇಕು? ತನಗೇ ಇಲ್ಲದವನು ಪರರಿಗೆ ಏನನ್ನು ಕೊಟ್ಟಾನು?

ಅಂದಿನ ಬ್ರಾಹ್ಮಣ ಯುವಕನೊಬ್ಬನಿಗೆ ತೆರೆದಿದ್ದ ದಾರಿಗಳು ಕೆಲವೇ ಆಗಿದ್ದುವು. ಪೌರೋಹಿತ್ಯ ಮಾಡಬಹುದಾಗಿತ್ತು, ಆದರೆ ಊರಿನ ಪೌರೋಹಿತ್ಯ ವಂಶಪಾರಂಪರ್ಯವಾಗಿ ಬರುತ್ತಿತ್ತು. ಲೆಕ್ಕ ಬರೆಯುವ ಶಾನುಭೋಗಿಕೆಯೂ ಹಾಗೆಯೇ. ಅಧಿಕಾರಿಗಳ ಬಳಿ ಬರವಣಿಗೆಯ ಊಳಿಗಕ್ಕೆ ಸೇರಬಹುದಾಗಿತ್ತು. ಅದಕ್ಕೆ ಪರಿಚಯ ಬೇಕು, ಶಿಫಾರಸು ಬೇಕು. ಪಾಠಪ್ರವಚನ ಮಾಡಿ ಪಂಡಿತನೆಂದು ಹೆಸರಾಗಬಹುದಾಗಿತ್ತು. ಅದಕ್ಕೆ ಹಲವು ವರ್ಷ ಗುರುಕುಲದಲ್ಲಿದ್ದು ಓದಲು ಮನೆಯ ಅನುಕೂಲ ಬೇಕು. ಇವುಗಳಲ್ಲಿ ಒಂದೂ ದಾಸಪ್ಪನವರಿಗೆ ಒದಗಿ ಬರಲಿಲ್ಲ.

ಸಂಪ್ರದಾಯದಲ್ಲಿ ಹೇಳಿಕೊಂಡು ಬಂದಿರುವ ಪ್ರಕಾರ, ಹಿರಿಯ ಮಗನಾದ ದಾಸಪ್ಪನವರು ತಮ್ಮ ಒಂದು ತುತ್ತಿನ ಭಾರವಾದರೂ ಮನೆಗೆ ಕಡಿಮೆಯಾಗಲೆಂದು ಸುಮಾರು ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟರು. ವೈರಾಗ್ಯ ತಾಳಿ ಹೊರಟವರಲ್ಲ, ಸಾಹಸಕ್ಕೆಂದು ಹೊರಟವರಲ್ಲ, ಅನ್ನವಿಲ್ಲದುದರಿಂದ ಹೊರಟವರು. ಈ ಅಂಶವನ್ನು ನಾವು ಗಮನಿಸತಕ್ಕದ್ದು. ಊರಿಂದೂರಿಗೆ ನಡೆದು, ದೇವಸ್ಥಾನಗಳ ಜಗಲಿಯಲ್ಲಿ ಮಲಗಿ, ಕೊಟ್ಟವರ ಮನೆಯಲ್ಲಿ ಉಂಡು, ಕೊನೆಗೆ ಯಾತ್ರಿಕರ ಜೊತೆಗೂಡಿ ಅವರು ಕಾಶಿಯನ್ನು ಸೇರಿದರು. ತುಂಗಭದ್ರೆಯ ತೀರದಿಂದ ಗಂಗಾತೀರಕ್ಕೆ ಕಾಲ್ನಡಿಗೆಯ ಪ್ರಯಾಣವೆಂದರೆ ಅಂದು ತಿಂಗಳುಗಟ್ಟಲೆಯ ಮಾತು. ಕಾಶಿಯಲ್ಲಿ ಕೆಲವು ವರ್ಷ ಇದ್ದು ಅವರು ಶಾಸ್ತ್ರವ್ಯಾಸಂಗ ಮಾಡಿದರೆಂದು ಹೇಳುತ್ತಾರೆ.

ಕಾಶಿಗೆ ಹೋಗಿ ಓದಿ ಬಂದವನ ಕಷ್ಟ ಅಲ್ಲಿಗೇ ಕೊನೆಗೊಂಡಿರಬೇಕೆಂದು ನಾವು ಎಣಿಸುತ್ತೇವೆ. ದಾಸಪ್ಪನವರ ವಿಷಯದಲ್ಲಿ ಹಾಗಾಗಲಿಲ್ಲ. ಅವರು ಊರಿಗೆ ಮರಳಿದರು, ಅರಳಮ್ಮ ಎಂಬುವರೊಡನೆ ಅವರ ವಿವಾಹವಾಯಿತು, ಸಂಸಾರವೂ ಬೆಳೆಯಿತು. ಆದರೆ ಬಡತನ ಹಿಂದಿನಂತೆಯೇ ಇತ್ತು. ಕಲಿತ ವಿದ್ಯೆಗೆ ಊರಲ್ಲಿ ಬೆಲೆ ಕಟ್ಟುವವರಿರಲಿಲ್ಲ. ಹಿಂದೆ ತಮ್ಮೊಬ್ಬರ ಹೊಟ್ಟೆಯ ಚಿಂತೆ ಮಾತ್ರ ಇದ್ದುದು ಈಗ ನಂಬಿ ಬಂದವರ ಚಿಂತೆಯೂ ಆಯಿತು. ಓದು ಮುಗಿಸಿ ಬಂದು, ಗೃಹಸ್ಥನಾಗಿ, ಮನೆಯವರ ಮುಖ ನೋಡಲಾರದೆ ಕುಳಿತ ಮನುಷ್ಯನ ಸಂಕಟ ಎಂಥದೆಂಬುದನ್ನು ಅನುಭವಿಸಿದವರೇ ಬಲ್ಲರು.

ಇಲ್ಲಿ ಅರಳಮ್ಮನವರನ್ನು ಕುರಿತು ಒಂದು ಮಾತು ಹೇಳಬೇಕು. ದಾಸರ ಚರಿತ್ರೆಗಳಲ್ಲಿ ಈ ತಾಯಿಯ ಹೆಸರು ಬಂದರೂ ಅವರ ಪಾಡನ್ನು ವಿವರಿಸುವುದು ಕಡಿಮೆ. ಪತಿಯು ದಾರಿ ಹುಡುಕುತ್ತಿದ್ದಾಗ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳಬೇಕಾದವರು ಅವರು. ಒಬ್ಬರು ತಮ್ಮ ಜೀವನದ ಗುರಿಯನ್ನು ಅರಸಿ ಹೊರಟಾಗ ಆ ಅರಸುವಿಕೆಯ ಬೆಲೆಯನ್ನು ಬಹುತೇಕ ಮನೆಯಲ್ಲಿ ಉಳಿದವರು ತೆರುತ್ತಾರೆ. ವಿಜಯದಾಸರ ಪುಣ್ಯದಲ್ಲಿ ಅರಳಮ್ಮನವರ ಪಾಲು ದೊಡ್ಡದೆಂದು ನಾವು ನಂಬುತ್ತೇವೆ. ಆರಾಧನೆಯ ದಿನ ದಾಸರನ್ನು ನೆನೆಯುವವರು ಆ ಸಾಧ್ವಿಯನ್ನೂ ನೆನೆಯುವುದು ಧರ್ಮ.

ಹೀಗಿರಲು ದಾಸಪ್ಪನವರು ಮತ್ತೆ ಕಾಶಿಗೆ ಪ್ರಯಾಣ ಮಾಡಿದರು. ಅವರ ಜೀವನದ ತಿರುವು ಅಲ್ಲಿ ಸಂಭವಿಸಿತು. ಒಂದು ರಾತ್ರಿ ಅವರಿಗೆ ಸ್ವಪ್ನದಲ್ಲಿ ಶ್ರೀ ಪುರಂದರದಾಸರು ಕಾಣಿಸಿಕೊಂಡರು. ಗಂಗೆಯ ಆಚೆ ದಡದ ವ್ಯಾಸಕಾಶಿಗೆ ಕರೆದೊಯ್ದು ಶ್ರೀ ವೇದವ್ಯಾಸದೇವರ ಸನ್ನಿಧಿಯಲ್ಲಿ ನಿಲ್ಲಿಸಿದರು. ಅಲ್ಲಿ ವಿಜಯವಿಠ್ಠಲ ಎಂಬ ಅಂಕಿತ ಅವರಿಗೆ ದೊರೆಯಿತು. ಎಚ್ಚರವಾದಾಗ ಅವರ ಬಾಯಿಂದ ಹರಿಸ್ತುತಿ ಪದರೂಪವಾಗಿ ಹೊರಹೊಮ್ಮಿತು. ಇದು ಸಂಪ್ರದಾಯದಲ್ಲಿ ಎಲ್ಲರೂ ಬಲ್ಲ ಕಥೆ. ಅಂದಿನಿಂದ ದಾಸಪ್ಪ ಎಂಬ ಹೆಸರು ಹಿಂದೆ ಸರಿಯಿತು. ವಿಜಯದಾಸರು ಎಂಬ ಹೆಸರು ನಿಂತಿತು.

ಶ್ರೀ ಪುರಂದರದಾಸರು ಪರಂಧಾಮವನ್ನು ಸೇರಿದ್ದು 1564ರಲ್ಲಿ. ದಾಸಪ್ಪನವರು ಹುಟ್ಟುವ ಹೊತ್ತಿಗೆ ಅದಾಗಿ 118 ವರ್ಷಗಳು ಕಳೆದಿದ್ದುವು. ತಾವು ಕಣ್ಣಿಂದ ಕಂಡಿರದ ಗುರುವಿನಿಂದ ಇವರು ತಮ್ಮ ಕಾರ್ಯವನ್ನು ಪಡೆದರು. ಆದರೆ ಗುರುಶಿಷ್ಯರಿಬ್ಬರ ದಾರಿಗಳನ್ನು ಹೋಲಿಸಿ ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಪುರಂದರದಾಸರು ಪೂರ್ವಾಶ್ರಮದಲ್ಲಿ ನವಕೋಟಿ ನಾರಾಯಣರೆನಿಸಿದ ಶ್ರೀನಿವಾಸ ನಾಯಕರು. ಅವರು ಇದ್ದ ಸಂಪತ್ತನ್ನು ತ್ಯಜಿಸಿ ದಾಸರಾದರು. ವಿಜಯದಾಸರಿಗಾದರೋ ತ್ಯಜಿಸಲು ಏನೂ ಇರಲಿಲ್ಲ. ಶ್ರೀಮಂತನ ತ್ಯಾಗವನ್ನು ಲೋಕ ಬೆರಗಿನಿಂದ ನೋಡುತ್ತದೆ. ಬಡವನು ದಾಸನಾದರೆ ಬೇರೆ ಗತಿಯಿಲ್ಲದೆ ತಂಬೂರಿ ಹಿಡಿದನೆಂದು ಅದೇ ಲೋಕ ಹೀಯಾಳಿಸುತ್ತದೆ. ವಿಜಯದಾಸರು ಆ ಹೀಯಾಳಿಕೆಯನ್ನು ಎದುರಿಸಿ ನಿಲ್ಲಬೇಕಾಯಿತು. ತಾವು ಹಿಡಿದ ದಾರಿ ಗತಿಗೆಟ್ಟವನ ಆಸರೆಯಲ್ಲ, ತಮಗೆ ನೇಮಕವಾದ ಕಾರ್ಯವೆಂಬುದನ್ನು ಅವರು ತಮ್ಮ ಮುಂದಿನ ಜೀವನದಿಂದಲೇ ತೋರಿಸಿಕೊಡಬೇಕಾಗಿತ್ತು.

ಶ್ರೀ ವಿಜಯದಾಸರು ಭೃಗು ಮಹರ್ಷಿಗಳ ಅಂಶಸಂಭೂತರೆಂಬುದು ನಮ್ಮ ಸಂಪ್ರದಾಯದ ನಂಬಿಕೆ. ಹಾಗಾದರೆ ಅಂತಹ ಮಹಾತ್ಮರಿಗೆ ಇಷ್ಟು ವರ್ಷಗಳ ಅಲೆದಾಟವೇಕೆ ಎಂದು ಯಾರಾದರೂ ಕೇಳಬಹುದು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಸಮಾಧಾನವುಂಟು. ಪ್ರತಿಯೊಂದು ಜೀವನಿಗೂ ಅವನದೇ ಆದ ಸ್ವರೂಪಯೋಗ್ಯತೆಯಿದೆ. ಅದು ಒಬ್ಬರಂತೆ ಇನ್ನೊಬ್ಬರಿಗಿಲ್ಲ. ಹೊರಗಿನಿಂದ ಬಂದು ಸೇರುವಂಥದೂ ಅಲ್ಲ. ಆದರೆ ಯೋಗ್ಯತೆಯಿದ್ದ ಮಾತ್ರಕ್ಕೆ ಅದು ಪ್ರಕಟವಾಗುವುದಿಲ್ಲ. ಅದು ಪ್ರಕಟವಾಗುವುದಕ್ಕೆ ಸಾಧನೆ ಬೇಕು, ಗುರುವಿನ ಅನುಗ್ರಹ ಬೇಕು, ಕಾಲ ಕೂಡಿ ಬರಬೇಕು. ಬೀಜದೊಳಗೆ ಮರವಿದ್ದರೂ ಮಳೆ ಬರುವವರೆಗೆ ಅದು ನೆಲದೊಳಗೇ ಇರಬೇಕಷ್ಟೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ವಿಚಾರ ಮಾಡಬೇಕು. ಸ್ವಪ್ನದ ಅನುಗ್ರಹ ಒಂದು ರಾತ್ರಿಯದಾದರೂ ಅದು ಇಳಿದ ಪಾತ್ರೆ ಒಂದು ರಾತ್ರಿಯಲ್ಲಿ ಸಿದ್ಧವಾದುದಲ್ಲ. ಕಾಶಿಯಲ್ಲಿ ಓದಿದ ಶಾಸ್ತ್ರ ಊರಿನಲ್ಲಿ ನಿಷ್ಪ್ರಯೋಜಕವೆನಿಸಿತ್ತು. ಅದೇ ಶಾಸ್ತ್ರ ಮುಂದೆ ಸುಳಾದಿಗಳಲ್ಲಿ ಪ್ರಮೇಯವಾಗಿ ನಿಂತಿತು. ಊರಿಂದೂರಿಗೆ ಅಲೆದುದು ಕಾಲಹರಣವೆನಿಸಿತ್ತು. ಆ ಅಲೆದಾಟದಲ್ಲಿ ಕಂಡ ಜನ, ಕೇಳಿದ ಆಡುಮಾತು, ಉಂಡ ಹಸಿವು, ಇವೆಲ್ಲ ಅವರ ಪದಗಳಿಗೆ ಜೀವ ಕೊಟ್ಟುವು. ಅವರಲ್ಲಿ ವಿದ್ಯೆಯೂ ಇತ್ತು, ಭಕ್ತಿಯೂ ಇತ್ತು, ಲೋಕಾನುಭವವೂ ಇತ್ತು. ಇವುಗಳನ್ನು ಒಂದುಗೂಡಿಸಿ ದುಡಿಸುವ ಕಾರ್ಯವೊಂದು ಮಾತ್ರ ಇರಲಿಲ್ಲ. ಅಂಕಿತದೊಡನೆ ಆ ಕಾರ್ಯ ದೊರೆಯಿತು.

ಆ ಕಾರ್ಯ ಯಾವುದು? ವ್ಯಾಸರಾಜರ, ಪುರಂದರದಾಸರ, ಕನಕದಾಸರ, ವಾದಿರಾಜರ ಕಾಲದಲ್ಲಿ ತುಂಬಿ ಹರಿದ ದಾಸಸಾಹಿತ್ಯದ ಹೊಳೆ ನಂತರದ ಕಾಲದಲ್ಲಿ ತೆಳುವಾಗಿತ್ತು. ಪೂರ್ತಿ ಬತ್ತಿತ್ತೆಂದು ಹೇಳಲಾಗದು. ಕಾಖಂಡಕಿಯ ಮಹಿಪತಿದಾಸರು, ವಿಜಯದಾಸರ ಸಮಕಾಲೀನರಾದ ಬಾಗಿಲಕೋಟೆಯ ಪ್ರಸನ್ನವೆಂಕಟದಾಸರು ಮುಂತಾದವರು ಹಾಡುತ್ತಲೇ ಇದ್ದರು. ಆದರೆ ಗುರುವಿನಿಂದ ಶಿಷ್ಯನಿಗೆ ಅಂಕಿತ ಸಂದು ಮುಂದುವರಿಯುವ ದೊಡ್ಡ ಪರಂಪರೆಯಾಗಿ ಅದನ್ನು ಮತ್ತೆ ಕಟ್ಟಿದವರು ವಿಜಯದಾಸರು. ಶಾಸ್ತ್ರವೆಲ್ಲ ಸಂಸ್ಕೃತದಲ್ಲಿದ್ದಿತು. ಅದನ್ನು ಓದಲು ಅನುಕೂಲವಿಲ್ಲದ ಗೃಹಸ್ಥರಿಗೆ, ಸ್ತ್ರೀಯರಿಗೆ, ಸಾಮಾನ್ಯ ಜನರಿಗೆ ತತ್ತ್ವದ ತಿರುಳನ್ನು ಕನ್ನಡದಲ್ಲಿ ಉಣಬಡಿಸುವುದು ಅವರಿಗೆ ಒದಗಿದ ಕಾರ್ಯ.

ಇದಕ್ಕಾಗಿ ಅವರು ವಿಶೇಷವಾಗಿ ಆಶ್ರಯಿಸಿದ್ದು ಸುಳಾದಿಯೆಂಬ ಪ್ರಕಾರವನ್ನು. ದೇವರನಾಮಕ್ಕೆ ಪಲ್ಲವಿಯಿದ್ದು ಪ್ರತಿ ಚರಣದ ಕೊನೆಗೂ ಅದಕ್ಕೆ ಮರಳುತ್ತೇವೆ. ಸುಳಾದಿಯಲ್ಲಿ ಹಾಗಿಲ್ಲ. ಅದರ ಒಂದೊಂದು ನುಡಿಯೂ ಒಂದೊಂದು ತಾಳದಲ್ಲಿರುತ್ತದೆ. ಸಾಮಾನ್ಯವಾಗಿ ಧ್ರುವತಾಳದಿಂದ ಆರಂಭವಾಗಿ ಮಟ್ಟ, ತ್ರಿವಿಡಿ, ಅಟ್ಟ, ಆದಿ ತಾಳಗಳನ್ನು ದಾಟಿ ಕೊನೆಗೆ ಜತೆಯೆಂಬ ಎರಡು ಸಾಲುಗಳಲ್ಲಿ ಮುಗಿಯುತ್ತದೆ. ತಾಳ ಬದಲಾದಂತೆ ವಿಚಾರವೂ ಒಂದು ಮೆಟ್ಟಿಲು ಮೇಲೇರುತ್ತದೆ. ಪದದಲ್ಲಿ ಹಿಡಿಸಲಾಗದ ಶಾಸ್ತ್ರವಿಚಾರವನ್ನು ಸುಳಾದಿಯಲ್ಲಿ ಹಂತಹಂತವಾಗಿ ವಿವರಿಸಬಹುದು. ಶ್ರೀ ಪುರಂದರದಾಸರೂ ಸುಳಾದಿಗಳನ್ನು ರಚಿಸಿದ್ದರು. ಆದರೆ ಸುಳಾದಿಯೆಂದೊಡನೆ ಇಂದು ನಮ್ಮ ನಾಲಗೆಗೆ ಮೊದಲು ಬರುವ ಹೆಸರು ವಿಜಯದಾಸರದು. ಅವರ ದುರ್ಗಾಸುಳಾದಿಯನ್ನೂ ನರಸಿಂಹ ಸುಳಾದಿಯನ್ನೂ ಕಷ್ಟಕಾಲದಲ್ಲಿ ಪಾರಾಯಣ ಮಾಡದ ಮಾಧ್ವರ ಮನೆ ವಿರಳ. ಅವರು ಹೋದ ಹೋದ ಕ್ಷೇತ್ರದ ಮೇಲೆ ಸುಳಾದಿ ಹಾಡಿದರು. ದೇವತಾ ತಾರತಮ್ಯವನ್ನು, ಬಿಂಬೋಪಾಸನೆಯನ್ನು, ನಿತ್ಯಕರ್ಮಗಳ ಅನುಸಂಧಾನವನ್ನು ಕನ್ನಡಕ್ಕೆ ತಂದರು. ಅವರ ಕೃತಿಗಳ ಸಂಖ್ಯೆ 25,000 ಎಂದು ಸಂಪ್ರದಾಯ ಹೇಳುತ್ತದೆ. ನಮ್ಮ ಕೈಗೆ ಉಳಿದು ಬಂದಿರುವುದು ಅದರ ಒಂದು ಅಂಶ ಮಾತ್ರ. ಆ ಅಂಶವೇ ಒಬ್ಬ ವಿದ್ವಾಂಸನ ಆಯುಷ್ಯಕ್ಕೆ ಸಾಕಾಗುವಷ್ಟಿದೆ.

ದಾಸದೀಕ್ಷೆಯಾದ ಮೇಲೆ ವಿಜಯದಾಸರ ಬಡತನ ನೀಗಿ ಸುಖವಾಗಿದ್ದರೆಂದು ಯಾರೂ ಭಾವಿಸಬಾರದು. ಅವರು ಮಠದ ಅಧಿಕಾರವನ್ನಾಗಲಿ ಆಸ್ಥಾನದ ಪದವಿಯನ್ನಾಗಲಿ ಹೊಂದಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ತಂಬೂರಿ ಏರಿಸಿ, ಹರಿನಾಮವನ್ನು ಹಾಡುತ್ತ ಮನೆಮನೆಯ ಬಾಗಿಲಿಗೆ ಹೋಗುವ ಮಧುಕರ ವೃತ್ತಿ ದಾಸರದು. ಜೋಳಿಗೆಗೆ ಎಷ್ಟು ಬಿದ್ದಿತೋ ಅಷ್ಟೇ ಅಂದಿನ ಆದಾಯ, ನಾಳೆಯದು ನಾಳೆಗೆ. ಹೀಗೆ ನೋಡಿದರೆ ದಾಸಪ್ಪನವರ ಆದಾಯ ಹೇಗೆ ಅನಿಶ್ಚಿತವಾಗಿತ್ತೋ ವಿಜಯದಾಸರ ಆದಾಯವೂ ಹಾಗೆಯೇ ಅನಿಶ್ಚಿತವಾಗಿತ್ತು. ಬದಲಾದುದು ಬೇರೊಂದು. ಹಿಂದೆ ಅವರು ಊರೂರು ತಿರುಗುತ್ತಿದ್ದುದು ಅನ್ನಕ್ಕಾಗಿ. ಈಗ ತಿರುಗಿದುದು ಕಾರ್ಯಕ್ಕಾಗಿ. ಅದೇ ದಾರಿ, ಅದೇ ಬಿಸಿಲು, ಅದೇ ಹಸಿವು; ಆದರೆ ನಡೆಯುವವನ ಮನಸ್ಸಿನಲ್ಲಿ ಸಂಶಯವಿರಲಿಲ್ಲ. ವೃತ್ತಿಯ ಅನಿಶ್ಚಯ ಕೊನೆಯವರೆಗೂ ಉಳಿದರೂ ಕಾರ್ಯದ ಅನಿಶ್ಚಯ ಹೋದುದೇ ಅವರಿಗಾದ ದೊಡ್ಡ ಲಾಭ.

ತಮ್ಮ ದಾರಿಯನ್ನು ಕಷ್ಟಪಟ್ಟು ಕಂಡುಕೊಂಡವರಿಗೆ ಇತರರ ಯೋಗ್ಯತೆಯನ್ನು ಗುರುತಿಸುವ ಕಣ್ಣು ಬರುತ್ತದೆ. ವಿಜಯದಾಸರ ಶಿಷ್ಯವರ್ಗವನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಉತ್ತನೂರಿನ ಭಾಗಣ್ಣನವರು ಜ್ಯೋತಿಷ್ಯ ಹೇಳಿ ಹೆಸರು ಮಾಡಿದ್ದವರು, ಅವರೊಳಗಿನ ಭಕ್ತನನ್ನು ವಿಜಯದಾಸರು ಕಂಡು ಅಂಕಿತ ಕೊಟ್ಟರು, ಅವರೇ ಗೋಪಾಲದಾಸರಾದರು. ಸಂಕಟ ತಾಳಲಾರದೆ ಹಸುಗೂಸಿನೊಡನೆ ಪ್ರಾಣ ಬಿಡಲು ಹೊರಟಿದ್ದ ತಾಯಿಯೊಬ್ಬಳನ್ನು ದಾಸರು ತಡೆದು ಕಾಪಾಡಿ, ಆ ಮಗುವನ್ನು ತಮ್ಮ ಮನೆಯ ಮಗುವಿನಂತೆ ಸಾಕಿದರು. ಆ ಮಗು ಬೆಳೆದು ಮೋಹನದಾಸರಾದರು. ಕಲ್ಲೂರಿನ ಸುಬ್ಬಣ್ಣಾಚಾರ್ಯರು ದೊಡ್ಡ ಪಂಡಿತರು. ಅವರು ವ್ಯಾಸವಿಠ್ಠಲರಾಗಿ ಗುರುಗಳ ಮೇಲೆ ರಚಿಸಿದ ವಿಜಯಕವಚವನ್ನು ನಾವು ಇಂದಿಗೂ ಪಠಿಸುತ್ತೇವೆ. ಪಂಗನಾಮದ ತಿಮ್ಮಣ್ಣದಾಸರೂ ಇದೇ ಬಳಗದವರು. ಜ್ಯೋತಿಷಿ, ಅನಾಥ ಶಿಶು, ಪಂಡಿತ ಎಂದು ಭೇದವೆಣಿಸದೆ ಅವರವರಿಗೆ ತಕ್ಕ ದಾರಿಯನ್ನು ದಾಸರು ತೋರಿಸಿದರು. ಎಲ್ಲರೂ ತಮ್ಮಂತೆಯೇ ಆಗಬೇಕೆಂದು ಅವರು ಬಯಸಲಿಲ್ಲ. ಭಕ್ತಿಯಲ್ಲಿ ಹೆಸರಾದವರು ಗೋಪಾಲದಾಸರು. ಗುರುಗಳ ಚರಿತ್ರೆಯನ್ನು ಹಾಡಿ ಕೊಂಡಾಡಿದವರು ಇತರರು.

ಎಲ್ಲಕ್ಕಿಂತ ಪ್ರಸಿದ್ಧವಾದುದು ಮಾನವಿಯ ಶ್ರೀನಿವಾಸಾಚಾರ್ಯರ ಪ್ರಸಂಗ. ಅವರು 1728ರಲ್ಲಿ ಬ್ಯಾಗವಟ್ಟಿಯಲ್ಲಿ ಜನಿಸಿ, ಸಂಸ್ಕೃತದಲ್ಲಿ ಪ್ರಚಂಡ ವಿದ್ವಾಂಸರೆನಿಸಿ, ಸುತ್ತಲೂ ಶಿಷ್ಯರನ್ನು ಹೊಂದಿದ್ದವರು. ವೃತ್ತಿಯ ದೃಷ್ಟಿಯಿಂದ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಕನ್ನಡದಲ್ಲಿ ಪದ ಹಾಡುತ್ತ ತಿರುಗುವ ದಾಸರೆಂದರೆ ಅವರಿಗೆ ಅಸಡ್ಡೆ. ಮಾನವಿಗೆ ಬಂದಿದ್ದ ವಿಜಯದಾಸರು ಪ್ರಸಾದಕ್ಕೆ ಆಹ್ವಾನಿಸಿದಾಗ ಆಚಾರ್ಯರು ಇಲ್ಲದ ಹೊಟ್ಟೆನೋವಿನ ನೆಪ ಹೇಳಿ ನಿರಾಕರಿಸಿದರು. ಆ ನೆಪವೇ ನಿಜವಾದ ವ್ಯಾಧಿಯಾಗಿ ಅವರನ್ನು ಹಿಡಿಯಿತು. ಔಷಧೋಪಚಾರದಿಂದ ಗುಣವಾಗಲಿಲ್ಲ. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ ವಿಜಯದಾಸರ ಬಳಿಗೇ ಹೋಗುವಂತೆ ಸೂಚನೆಯಾಯಿತು. ವಿಜಯದಾಸರು ಹಳೆಯ ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ಆಚಾರ್ಯರನ್ನು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಮಂತ್ರಿಸಿ ಕೊಟ್ಟು ವ್ಯಾಧಿಯನ್ನು ಕಳೆದರು. ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ದಾನ ಮಾಡಿದರೆಂದೂ ಪ್ರತೀತಿಯಿದೆ. ಆ ಶ್ರೀನಿವಾಸಾಚಾರ್ಯರೇ ಜಗನ್ನಾಥದಾಸರಾಗಿ, ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ರಚಿಸಿ, 1809ರವರೆಗೆ ಬಾಳಿದರು.

ಈ ಪ್ರಸಂಗವನ್ನು ಪವಾಡವೆಂದು ಕೇಳಿ ಸಂತೋಷಪಡುವವರು ಬಹಳ ಮಂದಿ. ನಮಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ದಾಸಪ್ಪನವರಿಗೆ ವೃತ್ತಿಯಿರಲಿಲ್ಲ, ಕಾರ್ಯವೂ ಕಂಡಿರಲಿಲ್ಲ. ಶ್ರೀನಿವಾಸಾಚಾರ್ಯರಿಗೆ ವೃತ್ತಿಯಿತ್ತು, ಗೌರವವಿತ್ತು. ಆದರೆ ಅವರು ಯಾವ ಕಾರ್ಯಕ್ಕಾಗಿ ಹುಟ್ಟಿದ್ದರೋ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಾಗಲೂ ಅದನ್ನು ತುಚ್ಛವೆಂದು ಬಗೆದಿದ್ದರು. ಆದುದರಿಂದ ಒಳ್ಳೆಯ ಸಂಬಳದ ಉದ್ಯೋಗ ಸಿಕ್ಕಿದವರೆಲ್ಲ ತಮ್ಮ ದಾರಿ ಕಂಡವರೆಂದೂ, ಸಿಕ್ಕದವರೆಲ್ಲ ದಾರಿ ತಪ್ಪಿದವರೆಂದೂ ನಾವು ತೀರ್ಮಾನಿಸಬಾರದು. ಒಂದು ಪಕ್ಷ ಶ್ರೀನಿವಾಸಾಚಾರ್ಯರು ಪಂಡಿತರಾಗಿಯೇ ಉಳಿದಿದ್ದರೆ ಅವರ ಕಾಲದವರು ಅವರನ್ನು ಮನ್ನಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಹರಿಕಥಾಮೃತಸಾರ ಇರುತ್ತಿರಲಿಲ್ಲ.

ಶ್ರೀ ವಿಜಯದಾಸರು ತಮ್ಮ ಕಡೆಯ ಕಾಲವನ್ನು ಚಿಪ್ಪಗಿರಿಯಲ್ಲಿ ಕಳೆದರು. ಅದು ಇಂದಿನ ಆಂಧ್ರಪ್ರದೇಶದಲ್ಲಿ ಗುಂತಕಲ್ಲಿನ ಸಮೀಪದಲ್ಲಿದೆ. 1755ರಲ್ಲಿ, ಯುವನಾಮ ಸಂವತ್ಸರದ ಕಾರ್ತೀಕ ಶುದ್ಧ ದಶಮಿಯಂದು, ಅವರು ಹರಿಧ್ಯಾನದಲ್ಲಿ ದೇಹವನ್ನು ತ್ಯಜಿಸಿದರು. ಆಗ ಅವರ ವಯಸ್ಸು ಸುಮಾರು ಎಪ್ಪತ್ತಮೂರು. ಹದಿನಾರನೆಯ ವಯಸ್ಸಿನಲ್ಲಿ ಒಂದು ತುತ್ತಿನ ಭಾರ ಇಳಿಸಲೆಂದು ಮನೆ ಬಿಟ್ಟ ಬಾಲಕನ ಹೆಸರಿನಲ್ಲಿ ಇಂದು ಕರ್ನಾಟಕದಲ್ಲಿಯೂ ಆಂಧ್ರದಲ್ಲಿಯೂ ಆರಾಧನೆಯ ದಿನ ಎಷ್ಟೋ ಜನರಿಗೆ ಅನ್ನಸಂತರ್ಪಣೆಯಾಗುತ್ತಿದೆ. ಇದನ್ನು ಕಂಡಾಗ ಯಾರ ಕಣ್ಣಾದರೂ ತೇವವಾಗದಿರದು.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ವಿಜಯದಾಸರ ಚರಿತ್ರೆಯನ್ನು ಕೇಳಿ ಯುವಕರೆಲ್ಲ ಉದ್ಯೋಗ ಬಿಟ್ಟು ಹೊರಡಬೇಕೆಂದು ಯಾರೂ ಅರ್ಥಮಾಡಬಾರದು. ದಾಸರು ಉದ್ಯೋಗ ಬಿಟ್ಟವರಲ್ಲ, ಉದ್ಯೋಗ ಸಿಕ್ಕದವರು. ಗೃಹಸ್ಥಧರ್ಮವನ್ನು ಬಿಡಿರೆಂದು ಅವರು ಯಾರಿಗೂ ಬೋಧಿಸಲೂ ಇಲ್ಲ. ಸಂಸಾರದಲ್ಲಿದ್ದುಕೊಂಡೇ ಪ್ರತಿಯೊಂದು ಕರ್ಮವನ್ನೂ ಹರಿಯ ಸೇವೆಯೆಂದು ಮಾಡುವ ಬಗೆಯನ್ನು ಹಾಡಿ ತಿಳಿಸಿದರು. ಗುಮಾಸ್ತನಾಗಿದ್ದು ಸಂಜೆ ಮಕ್ಕಳಿಗೆ ಪಾಠ ಹೇಳುವವನಿಗೆ ಪಾಠವೇ ಅವನ ಕಾರ್ಯವಾಗಿರಬಹುದು. ಗುಮಾಸ್ತಿಕೆ ಅದಕ್ಕೆ ಆಧಾರವಾಗಿರಬಹುದು. ಅನ್ನ ಕೊಡುವ ವೃತ್ತಿಯೂ ಮನಸ್ಸು ಒಪ್ಪುವ ಕಾರ್ಯವೂ ಒಂದೇ ಆಗಿ ಬಂದರೆ ಅದು ದೇವರ ದಯೆ. ಬೇರೆ ಬೇರೆಯಾಗಿ ಬಂದರೆ ಎರಡನ್ನೂ ನಿಷ್ಠೆಯಿಂದ ಮಾಡುವುದೂ ಸಾಧನೆಯೇ.

ತಾನು ಕಂಡುಕೊಂಡದ್ದು ನಿಜವಾಗಿ ತನ್ನ ಕಾರ್ಯವೋ ಅಥವಾ ಒಂದು ದಿನದ ಹುಮ್ಮಸ್ಸೋ ಎಂದು ತಿಳಿಯುವುದು ಹೇಗೆ? ದಾಸರ ಜೀವನವನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಸ್ವಪ್ನ ಕಂಡವರು ಲೋಕದಲ್ಲಿ ಬಹಳ ಮಂದಿ. ಆ ಸ್ವಪ್ನದ ಮರುದಿನದಿಂದ ಜೀವಮಾನದ ಕಡೆಯವರೆಗೆ ಬಿಡದೆ ದುಡಿದವರು ಕೆಲವರು. ಆದಾಯ ಹೆಚ್ಚಾಗದಿದ್ದರೂ, ಪಂಡಿತರು ಮುಖ ತಿರುಗಿಸಿದರೂ ವಿಜಯದಾಸರ ಹಾಡು ನಿಲ್ಲಲಿಲ್ಲ. ಫಲ ಕಾಣದಿದ್ದಾಗಲೂ ಬಿಡಲಾಗದೆ ಯಾವ ಕೆಲಸವನ್ನು ಮಾಡುತ್ತಲೇ ಇರುತ್ತೇವೋ, ಯಾವ ಕೆಲಸದಿಂದ ಇತರರಿಗೂ ಹಿತವಾಗುವುದೋ, ಅದರಲ್ಲಿ ನಮ್ಮ ಯೋಗ್ಯತೆ ಅಡಗಿದೆಯೆಂದು ತಿಳಿಯಬಹುದು.

ಹಿರಿಯರಿಗೂ ಈ ಚರಿತ್ರೆಯಲ್ಲಿ ಪಾಠವಿದೆ. ದಾರಿ ಕಾಣದೆ ಮನೆಯಲ್ಲಿ ಕುಳಿತ ಮಗನನ್ನು ನೆರೆಮನೆಯ ಮಗನೊಡನೆ ಹೋಲಿಸಿ ನೋಯಿಸುವುದು ಸುಲಭ. ಜೀವಜೀವರಲ್ಲಿ ಭೇದವುಂಟೆಂಬುದು ನಮ್ಮ ಸಿದ್ಧಾಂತದ ಮೂಲಮಾತು. ಅದನ್ನು ಉಪನ್ಯಾಸದಲ್ಲಿ ಕೇಳಿ ತಲೆದೂಗಿ, ಮನೆಗೆ ಬಂದು ಎಲ್ಲ ಮಕ್ಕಳೂ ಒಂದೇ ಅಚ್ಚಿನಲ್ಲಿ ಇಳಿಯಬೇಕೆಂದು ಹಟ ಹಿಡಿದರೆ ಕೇಳಿದ್ದು ವ್ಯರ್ಥ. ಚೀಕಲಪರವಿಯಲ್ಲಿ ಅಂದು ದಾಸಪ್ಪನನ್ನು ಕಂಡವರಿಗೆ ಅವನೊಬ್ಬ ಕೈಲಾಗದವನೆಂದು ತೋರಿರಲೂಬಹುದು. ಬಾಗಿಲಿಗೆ ಬಂದು ಒಂದು ಹಿಡಿ ಅ‌ನ್ನಕ್ಕೆ ನಿಂತ ಆ ಹುಡುಗನಿಗೆ ಕಾಶಿಯ ದಾರಿಯುದ್ದಕ್ಕೂ ಹೆಸರು ತಿಳಿಯದ ಎಷ್ಟೋ ಗೃಹಿಣಿಯರು ಊಟ ಬಡಿಸಿರಬೇಕು. ತಾವು ಯಾರಿಗೆ ಬಡಿಸುತ್ತಿದ್ದೇವೆಂಬುದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಈ ಸಲದ ಆರಾಧನೆಯಂದು ಸುಳಾದಿಯನ್ನು ಪಠಿಸುವಾಗ, ಮನೆಯಲ್ಲಿ ದಾರಿ ಅರಸುತ್ತಿರುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ದಾಸಪ್ಪನವರ ಕಥೆಯನ್ನು ಮೊದಲಿನಿಂದ ಹೇಳಬೇಕೆಂದು ಸದ್ಭಕ್ತರಲ್ಲಿ ನಾವು ಪ್ರಾರ್ಥಿಸುತ್ತೇವೆ. ಶ್ರೀ ವಿಜಯದಾಸರ ಅನುಗ್ರಹದಿಂದ ಅವರವರಿಗೆ ಯೋಗ್ಯವಾದ ಕಾರ್ಯವನ್ನು ಶ್ರೀಹರಿಯು ಅವರವರಿಗೆ ಕರುಣಿಸಲಿ.

ಶ್ರೀ ಕೃಷ್ಣಾರ್ಪಣಮಸ್ತು.